ಕೊನೆಯ ಕಪ್ಪು ಕ್ಲಿಪ್ ಎಲ್ಲಿಗೆ ಹಾಕಬೇಕು?

ಪ್ರಶ್ನೆ: ಬ್ಯಾಟರಿ ಡೌನ್ ಆದ ಕಾರನ್ನು ಇನ್ನೊಂದು ಕಾರಿನಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡುವಾಗ ಮೆಕ್ಯಾನಿಕ್‌ಗಳು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಹಾಕಿ ಕೆಲಸ ಮುಗಿಸುತ್ತಾರೆ. ಕಾರಿನ ಕೈಪಿಡಿಯಲ್ಲಿ ಮಾತ್ರ ಕೊನೆಯ ಕಪ್ಪು ಕ್ಲಿಪ್ಪನ್ನು ಇಂಜಿನ್ನಿನ ಲೋಹಕ್ಕೆ ಕಚ್ಚಿಸಿ ಎಂದಿದೆ. ಯಾವುದು ಸರಿ?

ಉತ್ತರ: ಕೈಪಿಡಿಯಲ್ಲಿರುವುದೇ ಸರಿ. ಕರೆಂಟು ಹರಿಯುವ ಮಟ್ಟಿಗೆ ಎರಡೂ ಒಂದೇ, ಏಕೆಂದರೆ ಬ್ಯಾಟರಿಯ ಮೈನಸ್ಸಿನಿಂದ ಹೊರಟ ದಪ್ಪ ತಂತಿ ಬಾಡಿಗೂ ಇಂಜಿನ್ನಿಗೂ ಅರ್ಥ್ ಆಗಿಯೇ ಇರುತ್ತದೆ. ಹಾಗಾಗಿ ನೇರ ಮೈನಸ್‌ಗೆ ಹಾಕಿದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಬಹಳ ಸಲ ಏನೂ ಅನಾಹುತ ಆಗುವುದೂ ಇಲ್ಲ. ವ್ಯತ್ಯಾಸವಿರುವುದು ಕಿಡಿ ಎಲ್ಲಿ ಹಾರುತ್ತದೆ ಎನ್ನುವುದರಲ್ಲಿ.

ಮೊದಲ ಮೂರು ಕ್ಲಿಪ್ ಹಾಕುವಾಗ ಕಿಡಿ ಬರುವುದಿಲ್ಲ, ಏಕೆಂದರೆ ಸರ್ಕ್ಯೂಟ್ ಇನ್ನೂ ಪೂರ್ತಿಯಾಗಿರುವುದಿಲ್ಲ. ನಾಲ್ಕನೆಯದು ತಾಗಿದ ಕ್ಷಣ ಪೂರ್ತಿಯಾಗುತ್ತದೆ, ಒಳ್ಳೆಯ ಬ್ಯಾಟರಿಯಿಂದ ಖಾಲಿ ಬ್ಯಾಟರಿಗೆ ಕರೆಂಟು ನುಗ್ಗುತ್ತದೆ, ಕಿಡಿ ಹಾರುತ್ತದೆ. ಸೀಸ ಮತ್ತು ಆಸಿಡ್ಡಿನ ಬ್ಯಾಟರಿ ಚಾರ್ಜ್ ಆಗುವಾಗ ನೀರಿನ ಅಂಶ ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಶೇಕಡಾ 4ರಷ್ಟು ಹೈಡ್ರೋಜನ್ ಸೇರಿದರೂ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸಿಡಿದರೆ ಪ್ಲಾಸ್ಟಿಕ್ ಚೂರುಗಳ ಜೊತೆ ಗಂಧಕಾಮ್ಲ ಮುಖಕ್ಕೇ ಎರಚುತ್ತದೆ. ನೀರು ಹಾಕಬೇಕಿಲ್ಲದ 'ಮೇಂಟೆನೆನ್ಸ್ ಫ್ರೀ' ಬ್ಯಾಟರಿಗೂ ಅನಿಲ ಹೊರಬಿಡುವ ದಾರಿ ಇದ್ದೇ ಇರುತ್ತದೆ.

ಬಹಳ ಜನ ಗಮನಿಸದ ಮಾತೊಂದಿದೆ: ಹಾಕುವಾಗಿನದಕ್ಕಿಂತ ತೆಗೆಯುವಾಗಲೇ ಅಪಾಯ ಹೆಚ್ಚು. ಅಷ್ಟು ಹೊತ್ತಿಗೆ ಖಾಲಿ ಬ್ಯಾಟರಿ ಐದಾರು ನಿಮಿಷ ಜೋರಾಗಿ ಚಾರ್ಜ್ ಆಗಿ ಅನಿಲ ಬಿಟ್ಟಿರುತ್ತದೆ. ಆಗ ಮೈನಸ್ ಟರ್ಮಿನಲ್ಲಿನಿಂದಲೇ ಕ್ಲಿಪ್ ಕಿತ್ತರೆ ಕಿಡಿ ಹಾರುವುದು ಆ ಅನಿಲದ ಮಧ್ಯೆ. ಕ್ಲಿಪ್ಪನ್ನು ಬ್ಯಾಟರಿಯಿಂದ ಕನಿಷ್ಠ ಒಂದೂವರೆ ಅಡಿ ದೂರ ಹಾಕಿದ್ದರೆ ಹಾಕುವಾಗಿನ ಕಿಡಿಯೂ ತೆಗೆಯುವಾಗಿನ ಕಿಡಿಯೂ ಅಲ್ಲೇ ಆರಿಹೋಗುತ್ತವೆ.

"ಲೋಹಕ್ಕೆ ಹಾಕಿದೆ, ಗಾಡಿ ಸ್ಟಾರ್ಟ್ ಆಗಲೇ ಇಲ್ಲ" ಎನ್ನುವವರೂ ಇದ್ದಾರೆ. ಅವರು ಹಾಕಿದ್ದು ಸಾಮಾನ್ಯವಾಗಿ ಪೇಂಟ್ ಹೊಡೆದ ತಗಡಿಗೆ ಅಥವಾ ತುಕ್ಕು ಹಿಡಿದ ಬೋಲ್ಟಿಗೆ. ಪೇಂಟು ಕರೆಂಟು ಬಿಡುವುದಿಲ್ಲ. ಇಂಜಿನ್ ಎತ್ತಲೆಂದು ಅದರ ಮೇಲೆ ಕೂರಿಸಿರುವ ಕಬ್ಬಿಣದ ಕೊಂಡಿ, ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೂರಿಸಿದ ಬ್ರಾಕೆಟ್, ಇಂಜಿನ್ ಬ್ಲಾಕಿನ ಬರಿಯ ಲೋಹದ ದಪ್ಪ ಬೋಲ್ಟ್, ಇವು ಒಳ್ಳೆಯ ಜಾಗಗಳು. ಪೆಟ್ರೋಲ್ ಪೈಪು, ಬೆಲ್ಟು, ಫ್ಯಾನಿನ ಹತ್ತಿರ ಬೇಡ. ಕೆಲವು ಕಾರುಗಳಲ್ಲಿ ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇರುತ್ತದೆ. ಅಂಥವಕ್ಕೆ ಬಾನೆಟ್ ಒಳಗೇ ಪ್ಲಸ್ ಗುರುತಿನ ಬೇರೆ ಟರ್ಮಿನಲ್ ಕೊಟ್ಟಿರುತ್ತಾರೆ, ಅದನ್ನೇ ಬಳಸಿ.

ಇನ್ನು ಪೂರ್ತಿ ಕ್ರಮ. ಅದಕ್ಕೂ ಮೊದಲು, ತೊಂದರೆ ಬ್ಯಾಟರಿಯದ್ದೇ ಹೌದೇ ಎಂದು ನೋಡಿಕೊಳ್ಳಿ. ಕೀ ತಿರುಗಿಸಿದಾಗ ಕಟಕಟ ಎಂದು ಸದ್ದಾಗಿ ಡ್ಯಾಶ್‌ಬೋರ್ಡ್ ದೀಪಗಳು ಮಂಕಾದರೆ ಬ್ಯಾಟರಿ ಡೌನ್. ದೀಪ ಪ್ರಖರವಾಗಿದ್ದು ಒಂದೇ ಸಲ 'ಟಕ್' ಎಂದರೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಕಡೆ ಅನುಮಾನ ಪಡಿ. ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಇಂಧನದ್ದೋ ಸ್ಪಾರ್ಕಿನದ್ದೋ ತೊಂದರೆ, ಜಂಪ್ ಕೊಟ್ಟು (ಇನ್ನೊಂದು ಬ್ಯಾಟರಿಯಿಂದ ಕರೆಂಟು ಕೊಟ್ಟು) ಪ್ರಯೋಜನವಿಲ್ಲ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಆಸಿಡ್ ಸೋರುತ್ತಿದ್ದರೆ ಅದಕ್ಕೆ ಜಂಪ್ ಕೊಡಲೇಬೇಡಿ. ಮೇಲೆ ಬಣ್ಣದ ಕಿಟಕಿ ಇರುವ ಬ್ಯಾಟರಿಗಳಲ್ಲಿ ಹಸಿರು ಇದ್ದರೆ ಚಾರ್ಜ್ ಇದೆ, ಕಪ್ಪಾದರೆ ಚಾರ್ಜ್ ಬೇಕು, ಬಿಳಿ ಕಂಡರೆ ಒಳಗಿನ ದ್ರವ ಕಡಿಮೆಯಾಗಿದೆ ಎಂದರ್ಥ. ಬಿಳಿಯಾಗಿದ್ದರೂ ಕೈಹಾಕಬೇಡಿ.

ಕರೆಂಟು ಕೊಡುವ ಗಾಡಿ 12 ವೋಲ್ಟಿನದೇ ಆಗಿರಬೇಕು. ಹೆದ್ದಾರಿಯಲ್ಲಿ ಲಾರಿಯವರು ಸಹಾಯಕ್ಕೆ ನಿಲ್ಲುವುದುಂಟು, ಆದರೆ ದೊಡ್ಡ ಲಾರಿ, ಬಸ್ಸುಗಳದ್ದು 24 ವೋಲ್ಟು. ಅದನ್ನು ಕಾರಿಗೆ ಕೊಟ್ಟರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸಮೇತ ಸುಡಬಹುದು. ಟಾಟಾ ಏಸ್, ಬೊಲೆರೊ, ಹಳ್ಳಿಯ ಟ್ರ್ಯಾಕ್ಟರ್ ಇವು 12 ವೋಲ್ಟಿನವು, ನಡೆಯುತ್ತದೆ. ಬೈಕಿನದೂ 12 ವೋಲ್ಟೇ, ಆದರೆ ಆ ಪುಟ್ಟ ಬ್ಯಾಟರಿಗೆ ಕಾರಿನ ಸೆಲ್ಫ್ ತಿರುಗಿಸುವ ತಾಕತ್ತಿಲ್ಲ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳನ್ನು ಕೊಡುವ ಗಾಡಿಯಾಗಿ ಬಳಸದಿರುವುದೇ ಕ್ಷೇಮ.

ಕೇಬಲ್ ವಿಷಯದಲ್ಲಿ ಜನ ಹೆಚ್ಚು ಮೋಸಹೋಗುತ್ತಾರೆ. ಹೊರಗಿನ ರಬ್ಬರ್ ಹೆಬ್ಬೆರಳಿನಷ್ಟು ದಪ್ಪ, ಒಳಗಿನ ತಂತಿ ಸಣ್ಣ, ಅದೂ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಚಿಕ್ಕ ಪೆಟ್ರೋಲ್ ಕಾರಿನ ಸೆಲ್ಫ್ ಸುಲಭವಾಗಿ 150 ಆಂಪಿಯರ್ ಎಳೆಯುತ್ತದೆ. 16 ಚದರ ಮಿಲಿಮೀಟರಿನ ತಾಮ್ರದ ಕೇಬಲ್ 3 ಮೀಟರ್ ಉದ್ದವಿದ್ದರೆ, ಕೆಂಪು ಕಪ್ಪು ಎರಡರಲ್ಲೂ ಸೇರಿ ಸುಮಾರು 1 ವೋಲ್ಟ್ ಕಳೆಯುತ್ತದೆ. 6 ಚದರ ಮಿಲಿಮೀಟರಿನದ್ದಾದರೆ ಎರಡೂವರೆ ವೋಲ್ಟಿಗೂ ಹೆಚ್ಚು, ಸೆಲ್ಫ್ ತಿರುಗುವುದೇ ಇಲ್ಲ, ಕೇಬಲ್ ಮಾತ್ರ ಬಿಸಿಯಾಗುತ್ತದೆ. ಪೆಟ್ರೋಲ್ ಕಾರಿಗೆ 16, ಡೀಸೆಲ್‌ಗೆ 25 ಚದರ ಮಿಲಿಮೀಟರ್ ಕೇಳಿ ಕೊಳ್ಳಿ.

ಎರಡು ಕಾರುಗಳನ್ನು ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್‌ಗೆ ಹಾಕಿ. ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್ ಸ್ಥಾನಕ್ಕೆ. ಎರಡೂ ಇಂಜಿನ್, ದೀಪ, ಏಸಿ ಎಲ್ಲ ಆಫ್ ಇರಲಿ. ಬಳೆ, ಉಂಗುರ, ಲೋಹದ ಗಡಿಯಾರ ತೆಗೆದಿಡಿ, ಉಂಗುರ ಪ್ಲಸ್ಸಿಗೂ ಬಾಡಿಗೂ ತಾಗಿದರೆ ಬೆರಳಿನಲ್ಲೇ ಕೆಂಪಗೆ ಕಾಯುತ್ತದೆ. ಕನ್ನಡಕವೋ ಹೆಲ್ಮೆಟ್ಟಿನ ಗಾಜೋ ಕಣ್ಣಿಗೆ ಅಡ್ಡ ಇರಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಆದರೆ ಗಾಳಿ ಆಡುವಂತೆ ನೋಡಿಕೊಳ್ಳಿ, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ.

ಮೊದಲು ಕೆಂಪು ಕ್ಲಿಪ್ ಖಾಲಿ ಬ್ಯಾಟರಿಯ ಪ್ಲಸ್ಸಿಗೆ. ಕೆಂಪಿನ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ನಂತರ ಕಪ್ಪು, ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕಡೆಗೆ ಕಪ್ಪಿನ ಉಳಿದ ತುದಿ, ಬ್ಯಾಟರಿ ಖಾಲಿಯಾದ ಕಾರಿನ ಇಂಜಿನ್ ಲೋಹಕ್ಕೆ. ರಬ್ಬರಿನ ಬಣ್ಣ ನಂಬಿ ಹಾಕಬೇಡಿ, ಬ್ಯಾಟರಿಯ ಮೇಲೆ ಅಚ್ಚಾದ ಗುರುತು ನೋಡಿಯೇ ಹಾಕಿ. ತಿರುವುಮುರುವಾದರೆ ಮುಖ್ಯ ಫ್ಯೂಸ್, ಆಲ್ಟರ್ನೇಟರಿನ ಡಯೋಡ್‌ಗಳು ಕ್ಷಣದಲ್ಲಿ ಹೋಗುತ್ತವೆ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಕ್ಲಿಪ್ಪನ್ನು ಅತ್ತಿತ್ತ ತಿರುಗಿಸಿ ಕಚ್ಚಿಸಿ. ಕರಾವಳಿಯ ಗಾಡಿಗಳಲ್ಲಿ ಎಷ್ಟೋ ಸಲ ಇದೇ ತೊಡಕು.

ಕೊಡುವ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಓಡಲು ಬಿಡಿ. ಈ ಕಾಯುವಿಕೆ ಮುಖ್ಯ, ಏಕೆಂದರೆ ಅಷ್ಟರಲ್ಲಿ ಖಾಲಿ ಬ್ಯಾಟರಿಗೂ ಸ್ವಲ್ಪ ಜೀವ ಬಂದು ಕೇಬಲ್ಲಿನ ಮೇಲಿನ ಭಾರ ಇಳಿಯುತ್ತದೆ. ಆಮೇಲೆ ಬ್ಯಾಟರಿ ಖಾಲಿಯಾದ ಕಾರಿನ ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ 5 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಒಂದು ನಿಮಿಷ ಬಿಡಿ. ನಾಲ್ಕು ಸಲಕ್ಕೂ ಹತ್ತದಿದ್ದರೆ ನಿಲ್ಲಿಸಿ ಕ್ಲಿಪ್‌ಗಳ ಹಿಡಿತ ನೋಡಿ. ಹತ್ತಿದ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟು, ಹೊಸದಾಗಿ ಹತ್ತಿದ ಕಾರಿನ ಬ್ಲೋವರ್ ಹಾಕಿ, ಹಾಕಿದ ಕ್ರಮಕ್ಕೆ ತದ್ವಿರುದ್ಧವಾಗಿ ಕ್ಲಿಪ್‌ಗಳನ್ನು ತೆಗೆಯಿರಿ: ಇಂಜಿನ್ ಲೋಹದ ಕಪ್ಪು ಮೊದಲು. ಕೇಬಲ್ ಕಳಚಿದಾಗ ವೋಲ್ಟೇಜ್ ಒಮ್ಮೆಲೇ ಏರಬಹುದು, ಬ್ಲೋವರ್ ಅದನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ. ಆಸಿಡ್ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಕಣ್ಣಿನ ವೈದ್ಯರ ಬಳಿ ಹೋಗಿ.

ಅರ್ಧ ಗಂಟೆ ಓಡಿಸಿದರೆ ಬ್ಯಾಟರಿ ತುಂಬುತ್ತದೆ ಎಂಬ ನಂಬಿಕೆ ಬೇಡ. ಮತ್ತೊಮ್ಮೆ ಸ್ಟಾರ್ಟ್ ಆಗುವಷ್ಟು ಚಾರ್ಜ್ ಬರಬಹುದು, ಅಷ್ಟೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಏಸಿ, ಹೆಡ್‌ಲೈಟ್ ಹಾಕಿಕೊಂಡು ನಿಂತರೆ ಅದೂ ಇಲ್ಲ. ಪೂರ್ತಿ ಬರಿದಾದ 35 ಆಂಪಿಯರ್-ಅವರ್ ಬ್ಯಾಟರಿ ತುಂಬಲು 4 ಆಂಪಿಯರ್ ಚಾರ್ಜರಿನಲ್ಲಿ ಸುಮಾರು 10 ಗಂಟೆ ಬೇಕು, ಬ್ಯಾಟರಿ ಅಂಗಡಿಯಲ್ಲಿ ಒಂದು ರಾತ್ರಿ ಬಿಟ್ಟು ಬನ್ನಿ. ಆಮೇಲೆ ಗಾಡಿ ಕೆಲವು ಗಂಟೆ ನಿಂತ ಬಳಿಕ ಮೀಟರಿನಲ್ಲಿ 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್, 12.2 ಬಂದರೆ ಅರ್ಧ. ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 13ರ ಕೆಳಗೇ ನಿಂತರೆ ಬ್ಯಾಟರಿ ಬದಲಿಸುವ ಮುಂಚೆ ಆಲ್ಟರ್ನೇಟರ್ ಮತ್ತು ಅದರ ಬೆಲ್ಟ್ ನೋಡಿಸಿ. ಆಲ್ಟರ್ನೇಟರ್ ಪರೀಕ್ಷೆಗೆಂದು ಓಡುವ ಇಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಳಚುವ ಹಳೆಯ ಪದ್ಧತಿಗೆ ಮಾತ್ರ ಒಪ್ಪಬೇಡಿ. ಆಗ ಏರುವ ವೋಲ್ಟೇಜು ಇಸಿಯುವನ್ನೇ ಸುಟ್ಟುಬಿಡಬಹುದು.