ಬಾಸ್ ಜಾಸ್ತಿ ಬೇಕು ಅನ್ನೋರಿಗೆ ಇಯರ್‌ಫೋನ್ ಆರಿಸೋದು ಹೇಗೆ: ಒಂದಷ್ಟು ನೋಟ್ಸ್

ಬಾಕ್ಸ್ ಮೇಲೆ "ಎಕ್ಸ್‌ಟ್ರಾ ಬಾಸ್", "ದೊಡ್ಡ ಡ್ರೈವರ್", "20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್" ಅಂತೆಲ್ಲ ಬರೆದಿರ್ತಾರಲ್ಲ, ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ. (ಬಾಸ್ ಅಂದ್ರೆ ಹಾಡಿನ ತಗ್ಗು ಸ್ವರದ ಸದ್ದು, ಡ್ರೈವರ್ ಅಂದ್ರೆ ಇಯರ್‌ಫೋನ್ ಒಳಗೆ ಸದ್ದು ಹೊರಡಿಸೋ ಭಾಗ, ಹರ್ಟ್ಜ್ ಅಂದ್ರೆ ಸೆಕೆಂಡಿಗೆ ಎಷ್ಟು ಕಂಪನ ಅಂತ, ನಂಬರ್ ಚಿಕ್ಕದಾದಷ್ಟೂ ಸ್ವರ ತಗ್ಗು.) ಆ 20–20 ನಂಬರ್ ಇದೆಯಲ್ಲ, ಎಷ್ಟು ಡೆಸಿಬಲ್ ಏರಿಳಿತದೊಳಗೆ ಅಂತ ಹೇಳದೇ ಇದ್ರೆ ಅದಕ್ಕೆ ಅರ್ಥವೇ ಇಲ್ಲ, 20 ಹರ್ಟ್ಜ್ ಕೇಳಿಸಿಯೂ ಕೇಳಿಸದ ಹಾಗೆ ಇದ್ರೂ ಬಾಕ್ಸ್ ಮೇಲೆ 20 ಅಂತ ಹಾಕಬಹುದು.

ಮೊದಲು ತಿಳ್ಕೋಬೇಕಾದ್ದು ಬಾಸ್‌ನಲ್ಲಿ ಎರಡು ಥರ ಇದೆ ಅಂತ. ಸುಮಾರು 20ರಿಂದ 60 ಹರ್ಟ್ಜ್‌ವರೆಗಿಂದು ಸಬ್-ಬಾಸ್, ಅಲ್ಲಿಂದ 250ರ ತನಕ ಮಿಡ್-ಬಾಸ್. 4 ತಂತಿ ಬಾಸ್ ಗಿಟಾರ್‌ನ ಅತೀ ತಗ್ಗಿನ ಸ್ವರ 41 ಹರ್ಟ್ಜ್, 5 ತಂತಿದಾದ್ರೆ 31ರ ಹತ್ರ ಹೋಗತ್ತೆ, ಎಲೆಕ್ಟ್ರಾನಿಕ್ ಹಾಡುಗಳಲ್ಲಿ ತಲೆಯೊಳಗೆಲ್ಲ ಗುಂಯ್ ಅಂತ ತುಂಬ್ಕೊಳ್ಳತ್ತಲ್ಲ ಅದೆಲ್ಲ ಸಬ್-ಬಾಸ್. ಕಿಕ್ ಡ್ರಮ್‌ನ ಧಪ್ ಅನ್ನೋ ಹೊಡೆತ ಹೆಚ್ಚಾಗಿ ಮಿಡ್-ಬಾಸ್. ಅಂಗಡಿಯಲ್ಲಿ ಒಂದು ನಿಮಿಷ ಕೇಳಿದ ತಕ್ಷಣ "ವಾವ್" ಅನ್ಸೋದು ಈ ಎರಡನೇದೇ, ಅದಕ್ಕೇ ಬಹಳಷ್ಟು ಕಡಿಮೆ ಬೆಲೆ ಇಯರ್‌ಫೋನ್‌ಗಳಲ್ಲಿ ಅದನ್ನೇ ಉಬ್ಬಿಸಿಟ್ಟಿರ್ತಾರೆ, ಉಬ್ಬು 200–300 ಹರ್ಟ್ಜ್ ಕಡೆಗೆ ಚೆಲ್ಲಿದಾಗ ಹಾಡೋರು ಕಂಬಳಿ ಹೊದ್ಕೊಂಡು ಹಾಡಿದ ಹಾಗೆ ಕೇಳಿಸತ್ತೆ. ತಗ್ಗಿನ ಸದ್ದು ಜೋರಾದ್ರೆ ಅದಕ್ಕಿಂತ ಮೇಲಿನ ಸದ್ದನ್ನ ಮುಚ್ಚಿಹಾಕೋದು ನಮ್ಮ ಕಿವಿಯ ಸ್ವಭಾವ.

ನನ್ನ ಪ್ರಕಾರ ನಿಜವಾದ ಬಾಸ್ ಪ್ರಿಯರಿಗೆ ಬೇಕಿರೋದು ಸಬ್-ಬಾಸ್ ಚೆನ್ನಾಗಿ ಎತ್ತಿರೋ, ಆದ್ರೆ 200 ಹರ್ಟ್ಜ್ ಬರೋ ಹೊತ್ತಿಗೆ ಇಳಿದಿರೋ ಟ್ಯೂನಿಂಗ್. ಇದನ್ನ ಕೇಳಿ ಪತ್ತೆ ಹಚ್ಚೋಕೆ ಮೃದಂಗದ ತನಿ ಆವರ್ತನ ಒಂದನ್ನ ಹಾಕಿ ನೋಡಿ. ಎಡಗಡೆ, ರವೆ ಮೆತ್ತಿರೋ ಮುಖದ ಮೇಲೆ ಹೊಡೆದು ಅಂಗೈ ಬುಡದಿಂದ ಒತ್ತಿ ಜಾರಿಸಿದಾಗ ಗುಮ್ಕಿ ಬರತ್ತಲ್ಲ, ಆ "ಗೂಂಂ" ಏರೋದು ಇಳಿಯೋದು ಸ್ವರವಾಗಿ ಕೇಳಿಸಬೇಕು. ಬರೀ ಧಬ್ ಧಬ್ ಅಂತ ಒಂದೇ ಥರ ಕೇಳಿಸಿದ್ರೆ ಬಾಸ್ ಜಾಸ್ತಿ ಇದೆ ಆದ್ರೆ ರಾಡಿಯಾಗಿದೆ ಅಂತರ್ಥ. (ಇದು ಸಬ್-ಬಾಸ್ ಎಷ್ಟಿದೆ ಅಂತ ಹೇಳೋ ಟೆಸ್ಟ್ ಅಲ್ಲ, ಬಾಸ್ ಎಷ್ಟು ಸ್ವಚ್ಛ ಇದೆ ಅನ್ನೋದಕ್ಕೆ ಮಾತ್ರ.)

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಸೀಲ್, ಅಂದ್ರೆ ಇಯರ್‌ಫೋನ್ ಕಿವಿಯ ತೂತನ್ನ ಗಾಳಿ ಆಡದ ಹಾಗೆ ಮುಚ್ಚೋದು. ಇಯರ್‌ಫೋನ್ ಮತ್ತೆ ಕಿವಿ ತಮಟೆ ಮಧ್ಯೆ ಇರೋದು ಚೂರೇ ಚೂರು ಗಾಳಿ, ಅದು ಪೂರ್ತಿ ಮುಚ್ಚಿದ್ರೆ ಡಯಾಫ್ರಮ್ (ಡ್ರೈವರ್‌ನಲ್ಲಿ ಅದುರೋ ತೆಳು ಪೊರೆ) ಸ್ವಲ್ಪ ಅಲ್ಲಾಡಿದ್ರೂ ಒತ್ತಡ ಏರತ್ತೆ ಇಳಿಯತ್ತೆ, ಹಾಗಾಗೇ ಅಷ್ಟು ಪುಟ್ಟ ಡ್ರೈವರ್‌ನಿಂದ 30 ಹರ್ಟ್ಜ್ ಬರೋಕೆ ಆಗೋದು. ಎಲ್ಲೋ ಒಂದು ಸಣ್ಣ ಸಂದಿ ಇದ್ರೂ ಸಾಕು, ನಿಧಾನ ಏರಿಳಿಯೋ ಒತ್ತಡ ಮೊದಲು ಸೋರಿಹೋಗತ್ತೆ, ಮೇಲಿನ ಸದ್ದೆಲ್ಲ ಹಾಗೇ ಉಳಿಯತ್ತೆ. "ಈ ಮಾಡೆಲ್‌ನಲ್ಲಿ ಬಾಸೇ ಇಲ್ಲ" ಅಂತ ಬೈಯೋರಲ್ಲಿ ಬಹಳ ಜನಕ್ಕೆ ಆಗಿರೋದು ಇದೇ. ಪರೀಕ್ಷೆ ಸುಲಭ: 30 ಹರ್ಟ್ಜ್ ಟೋನ್ ಒಂದನ್ನ ಸಣ್ಣ ವಾಲ್ಯೂಮ್‌ನಲ್ಲಿ ಹಾಕಿ, ಇಯರ್‌ಫೋನ್‌ನ ಬೆರಳಲ್ಲಿ ಮೆತ್ತಗೆ ಒಳಗೆ ಒತ್ತಿ. ಒತ್ತಿದಾಗ ಗುಂಯ್ ಜಾಸ್ತಿಯಾಗಿ ಬಿಟ್ಟಾಗ ಮಾಯ ಆದ್ರೆ ಟಿಪ್ (ಕಿವಿಯೊಳಗೆ ಕೂರೋ ಮೆತ್ತನೆ ತುದಿ) ಸರಿಯಿಲ್ಲ. ದೊಡ್ಡ ಸೈಜ್ ಹಾಕಿ, ಎರಡೂ ಕಿವಿಗೆ ಒಂದೇ ಸೈಜ್ ಆಗ್ಬೇಕು ಅಂತೇನಿಲ್ಲ, ಎಡಕ್ಕೆ ಮೀಡಿಯಮ್ ಬಲಕ್ಕೆ ಲಾರ್ಜ್ ಹಾಕೋರು ಬೇಕಾದಷ್ಟು ಜನ ಇದಾರೆ. ಫೋಮ್ ಟಿಪ್ ಆದ್ರೆ ಬೆರಳಲ್ಲಿ ಹಿಸುಕಿ ತೆಳ್ಳಗೆ ಮಾಡಿ, ಇನ್ನೊಂದು ಕೈಯಲ್ಲಿ ಕಿವಿನ ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬೋ ತನಕ ಹಿಡ್ಕೊಂಡಿರಿ. ಟಿಪ್ಪೇ ಇಲ್ಲದ, ಕಿವಿ ಹೊರಗೇ ಕೂರೋ ಗಟ್ಟಿ ಪ್ಲಾಸ್ಟಿಕ್‌ನವು ಬಾಸ್ ಪ್ರಿಯರಿಗಲ್ಲ, ಅಷ್ಟೇ.

ಡ್ರೈವರ್ ವಿಷಯ ಬೇಗ ಮುಗಿಸ್ತೀನಿ. ಡೈನಾಮಿಕ್ ಡ್ರೈವರ್ (ಪುಟ್ಟ ಸ್ಪೀಕರ್ ಥರದ್ದು, ತಂತಿ ಸುರುಳಿ ಪೊರೆನ ಅಲ್ಲಾಡಿಸತ್ತೆ) ಇದ್ರೆ ಬಾಸ್‌ಗೆ ಒಳ್ಳೇದು, ಒಂದೇ ಒಂದು ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಲೋಹದ ಪಟ್ಟಿ ಅದುರಿ ಸದ್ದು ಮಾಡೋ ಇನ್ನೊಂದು ಥರ ಡ್ರೈವರ್) ಇರೋ ಇಯರ್‌ಫೋನ್ ಸ್ಪಷ್ಟವಾಗಿರತ್ತೆ ಆದ್ರೆ ಸಾಮಾನ್ಯವಾಗಿ ಆ ಹೊಡೆತ ಬರಲ್ಲ. ಎಟಿಮೋಟಿಕ್‌ನವರ ಇಆರ್-4 ಇದಕ್ಕೆ ಹಳೇ ಉದಾಹರಣೆ, 1991ರಿಂದ ಹೆಸರುವಾಸಿ, ಬಾಸ್ ಪ್ರಿಯರು ಕೇಳಿದ್ರೆ ಮುಖ ಸಿಂಡರಿಸ್ತಾರೆ. 14 ಎಂಎಂ ಆದ ಮಾತ್ರಕ್ಕೆ 10 ಎಂಎಂಗಿಂತ ಬಾಸ್ ಜಾಸ್ತಿ ಅಂತೇನಿಲ್ಲ, ಹಿಂದಿರೋ ಗಾಳಿ ತೂತು, ಒಳಗಿನ ಡ್ಯಾಂಪಿಂಗ್ (ಅದುರೋದನ್ನ ಹಿಡಿತದಲ್ಲಿಡೋ ವ್ಯವಸ್ಥೆ) ಇವೇ ಬಾಸ್ ಎಷ್ಟು ಅಂತ ನಿರ್ಧಾರ ಮಾಡೋದು.

ಎಷ್ಟು ಬಾಸ್ ಜಾಸ್ತಿ ಅನ್ನೋಕೆ ಒಂದು ಅಳತೆಗೋಲು ಬೇಕಲ್ಲ, ಅದಕ್ಕೆ ಹರ್ಮನ್ ಟಾರ್ಗೆಟ್ ಇದೆ. ಶಾನ್ ಆಲಿವ್ ಮತ್ತವರ ತಂಡ ಹರ್ಮನ್ ಕಂಪನಿಯಲ್ಲಿ ಜನರಿಗೆ ಕೇಳಿಸಿ ಕೇಳಿಸಿ ಇಷ್ಟ ಯಾವುದು ಅಂತ ನೋಡಿ, ಯಾವ ಹರ್ಟ್ಜ್ ಎಷ್ಟು ಜೋರಾಗಿರಬೇಕು ಅಂತ ಗ್ರಾಫ್‌ನಲ್ಲಿ ಎಳೆದ ಗೆರೆ ಅದು. ಹೆಡ್‌ಫೋನ್‌ಗಳ ಮೇಲೆ ಅವರು ಮಾಡಿದ ಅಧ್ಯಯನದಲ್ಲಿ 64% ಜನಕ್ಕೆ ಆ ಗೆರೆ ಹಿಡಿಸ್ತು, 15% ಜನ ಅದಕ್ಕಿಂತ ಬಾಸ್ ಜಾಸ್ತಿ ಬೇಕು ಅಂದ್ರು, 21% ಕಮ್ಮಿ ಸಾಕು ಅಂದ್ರು. ನಾವು ಆ 15% ಗುಂಪು. ಹಾಗಾಗಿ ಒಂದು ಇಯರ್‌ಫೋನ್‌ನ ಸದ್ದು ಅಳೆದು ಬರೆದ ಗ್ರಾಫ್ ನೋಡುವಾಗ 30–50 ಹರ್ಟ್ಜ್ ಹತ್ರ ಗೆರೆ ಹರ್ಮನ್‌ಗಿಂತ ಮೇಲಿದೆಯಾ, 200–300 ಹತ್ರ ಅದರ ಜೊತೆಗೇ ಕೂತಿದೆಯಾ ಅಂತ ಎರಡೇ ಕಡೆ ನೋಡಿ. ಎರಡು ಗ್ರಾಫ್ ಹೋಲಿಸೋದಾದ್ರೆ ಒಂದೇ ಥರ ಯಂತ್ರದಲ್ಲಿ ಅಳೆದಿರಬೇಕು.

ಟ್ರೂಥಿಯರ್ ಜೀರೋ ರೆಡ್ ಅಂತ ಒಂದು ಇಯರ್‌ಫೋನ್ ಇದೆ, ಅದರ ಬಾಕ್ಸ್‌ನಲ್ಲಿ 10 ಓಮ್‌ನ ಚಿಕ್ಕ ಅಡಾಪ್ಟರ್ ಕೊಡ್ತಾರೆ, ಮಧ್ಯೆ ಸಿಕ್ಕಿಸಿದ್ರೆ ಬಾಸ್ ಎದ್ದು ಕೇಳಿಸತ್ತೆ. ಅಡಾಪ್ಟರ್ ಬಾಸ್ ಸೇರಿಸ್ತಿಲ್ಲ, ಆ ಇಯರ್‌ಫೋನ್‌ನ ಇಂಪೀಡೆನ್ಸ್ (ಕರೆಂಟ್‌ಗೆ ಒಡ್ಡೋ ತಡೆ, ಓಮ್‌ನಲ್ಲಿ ಅಳೆಯೋದು) ಎಲ್ಲ ಫ್ರೀಕ್ವೆನ್ಸಿಲೂ ಒಂದೇ ಇಲ್ಲ, ಹಾಗಾಗಿ ಪ್ರತಿರೋಧ ಸೇರಿದಾಗ ಮಿಕ್ಕಿದ್ದು ಬಾಸ್‌ಗಿಂತ ಜಾಸ್ತಿ ತಗ್ಗತ್ತೆ. ಅದನ್ನ ಬೇರೆ ಇಯರ್‌ಫೋನ್‌ಗೆ ಹಾಕಿದ್ರೆ ಇದೇ ಫಲ ಬರತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇರೋ ಇಯರ್‌ಫೋನ್ ಪರವಾಗಿಲ್ಲ ಅನ್ಸಿದ್ರೆ ಹೊಸದು ತಗೊಳ್ಳೋ ಮುಂಚೆ ಇಕ್ವಲೈಜರ್ (ಯಾವ ಹರ್ಟ್ಜ್ ಎಷ್ಟು ಜೋರು ಅಂತ ಬದಲಿಸೋ ಆ್ಯಪ್ ಅಥವಾ ಸೆಟ್ಟಿಂಗ್) ನೋಡಿ. 100 ಹರ್ಟ್ಜ್ ಸುತ್ತ ಲೋ-ಶೆಲ್ಫ್ (ಅದಕ್ಕಿಂತ ಕೆಳಗಿನ ಸದ್ದನ್ನೆಲ್ಲ ಒಟ್ಟಿಗೆ ಎತ್ತೋ ಫಿಲ್ಟರ್) ಹಾಕಿ 4 ಡೆಸಿಬಲ್ ಎತ್ತಿ, ಆದ್ರೆ ಪ್ರೀಆಂಪ್‌ನ (ಇಕ್ವಲೈಜರ್‌ನಲ್ಲಿ ಒಟ್ಟು ಸದ್ದಿನ ಮಟ್ಟ) ಅಷ್ಟೇ 4 ಇಳಿಸಿ, ಇಲ್ಲಾಂದ್ರೆ ಸದ್ದು ಒಡೆಯತ್ತೆ. ಒಳ್ಳೇ ಡೈನಾಮಿಕ್ ಡ್ರೈವರ್ ಇಷ್ಟನ್ನ ಆರಾಮಾಗಿ ತಡ್ಕೊಳ್ಳತ್ತೆ.

ಬಸ್ಸಲ್ಲಿ ಕೇಳೋರು ಒಂದು ಗಮನಿಸಿ: ಇಂಜಿನ್ ಗುರ್ ಅನ್ನೋದು ತಗ್ಗಿನ ಸದ್ದೇ, ಅದು ಹಾಡಿನ ಬಾಸ್‌ನ ನುಂಗತ್ತೆ, ಮನೇಲಿ ಸಾಕಾಗಿದ್ದ ಬಾಸ್ ಅಲ್ಲಿ ಸಾಲಲ್ಲ. ನಾಯ್ಸ್ ಕ್ಯಾನ್ಸಲಿಂಗ್ (ಹೊರಗಿನ ಸದ್ದನ್ನ ಮೈಕ್‌ನಲ್ಲಿ ಹಿಡಿದು ಉಲ್ಟಾ ಸದ್ದಿನಿಂದ ಕಮ್ಮಿ ಮಾಡೋದು) ಚೆನ್ನಾಗಿ ಕೆಲಸ ಮಾಡೋದು ಇಂಥ ಸದ್ದಿನ ಮೇಲೇ, ಹಾಗಾಗಿ ದಿನಾ ಪ್ರಯಾಣ ಮಾಡೋರು ಡ್ರೈವರ್ ಸೈಜ್‌ಗಿಂತ ಅದಕ್ಕೆ ದುಡ್ಡು ಹಾಕಿ. ವಾಲ್ಯೂಮ್ ಕಮ್ಮಿ ಇದ್ದಾಗ ಕಿವಿಗೆ ಬಾಸ್ ಇನ್ನೂ ಕಮ್ಮಿ ಅನ್ಸತ್ತೆ, 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನ ಅಳೆದು ತೋರಿಸಿದ್ರು, ನಾವು ವಾಲ್ಯೂಮ್ ಏರಿಸ್ತಾ ಹೋಗೋದು ಅದಕ್ಕೇ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ 80 ಡೆಸಿಬಲ್‌ಗೆ ವಾರಕ್ಕೆ 40 ಗಂಟೆ, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ. 89 ಆದ್ರೆ ವಾರಕ್ಕೆ 5 ಗಂಟೆ ಮಾತ್ರ. ಬಾಸ್ ಸಾಲದು ಅನ್ಸಿದ್ರೆ ಶೆಲ್ಫ್ ಎತ್ತಿ, ವಾಲ್ಯೂಮ್ ಬಟನ್ ಮುಟ್ಬೇಡಿ.