ಬಂದ ದಾರಿಗೆ ಸುಂಕವಿಲ್ಲ

ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಕಾಡಿಗೆ, ಕಾಡುಪಾಪ (ಸ್ಲೆಂಡರ್ ಲೋರಿಸ್) ಎಂಬ ಇರುಳು ಸಂಚಾರಿ ಪುಟ್ಟ ಪ್ರಾಣಿಯನ್ನು ನೋಡಲು ಹೋದವರು ಮೊದಲು ಮಾಡುವ ತಪ್ಪೆಂದರೆ ಟಾರ್ಚನ್ನು ಸೊಂಟದ ಹತ್ತಿರ ಹಿಡಿಯುವುದು. ತೀರ್ಥಹಳ್ಳಿ ಕಡೆ ನಾನೂ ಹಾಗೇ ಹಿಡಿದು, ರಾತ್ರಿಯಿಡೀ ಉಂಬಳಗಳಿಗೆ ಊಟ ಹಾಕಿ ಬಂದೆ. ಮರುದಿನ ಜೊತೆಗಿದ್ದ ಹುಡುಗ, ‘ಕೆನ್ನೆಗೆ ಒತ್ತಿ ಹಿಡೀರಿ’ ಅಂದ. ಹಿಡಿದದ್ದೇ ತಡ, ನಿನ್ನೆ ಬೋಳಾಗಿ ಕಂಡಿದ್ದ ಮತ್ತಿಮರದ ಕೊಂಬೆಯಲ್ಲಿ ಉರಿವ ಬೀಡಿಯ ತುದಿಯಂಥ ಎರಡು ಕೆಂಡ!

ಇದರ ಕರಾಮತ್ತು ಬಲು ಸೊಗಸು. ಕಾಡುಪಾಪದ ಕಣ್ಣೊಳಗೆ ಬೆಳಕನ್ನು ಹಿಡಿಯುವ ಪರದೆ, ಅಂದರೆ ರೆಟಿನಾದ ಹಿಂದೆ ಟ್ಯಾಪೆಟಮ್ ಎಂಬ ಮಿರುಗುವ ಪದರವಿದೆ. ರೆಟಿನಾ ಹೀರದೆ ಬಿಟ್ಟ ಬೆಳಕನ್ನು ಅದು ಮತ್ತೆ ರೆಟಿನಾಕ್ಕೇ ದಬ್ಬುತ್ತದೆ. ಆಲೆಮನೆಯಲ್ಲಿ ಹಿಂಡಿದ ಕಬ್ಬನ್ನೇ ಗಾಣಕ್ಕೆ ಇನ್ನೊಮ್ಮೆ ಕೊಟ್ಟ ಹಾಗೆ. ಆಗಲೂ ಮಿಕ್ಕ ಬೆಳಕು ಅದೇ ಮಸೂರದೊಳಗಿಂದ, ಬಂದ ದಾರಿಗೆ ಸುಂಕವಿಲ್ಲವೆಂದು, ಬಂದ ಕಡೆಗೇ ಹೊರಡುತ್ತದೆ. ಗೋಡೆಗೆಸೆದ ಚೆಂಡು ಯಾವ ಕಡೆಗಾದರೂ ಪುಟಿಯಬಹುದು; ಇದು ಬಾವಿಗಿಳಿಸಿದ ಕೊಡ, ಇಳಿಸಿದವರ ಕೈಗೇ ವಾಪಸ್. ಆಗುಂಬೆ ಘಾಟಿಯಲ್ಲಿ ಕಾರಿನ ದೀಪಕ್ಕೆ ಫಳ್ಳೆನ್ನುವ ರಿಫ್ಲೆಕ್ಟರುಗಳದ್ದೂ ಇದೇ ಕಥೆ. ಇಂಗ್ಲೆಂಡಿನ ಪರ್ಸಿ ಶಾ ಎಂಬಾತ 1934ರಲ್ಲಿ ರಸ್ತೆಯಲ್ಲಿ ಕೂರಿಸುವ ಇಂಥ ಗಾಜುಗಳಿಗೆ ಪೇಟೆಂಟ್ ಮಾಡಿಸಿದ. ಅವಕ್ಕೆ ಬಿದ್ದ ಹೆಸರೇ ‘ಬೆಕ್ಕಿನ ಕಣ್ಣು’.

ಮಾತು ಇಂಗ್ಲೆಂಡಿಗೆ ಹೋಯಿತು. ನಾನು ಹೇಳಹೊರಟದ್ದು, ಈ ಹೊಳಪು ಕಾಣುವುದು ದೀಪವನ್ನು ಕಣ್ಣಿನ ಪಕ್ಕದಲ್ಲೇ ಹಿಡಿದವರಿಗೆ ಮಾತ್ರ ಎಂದು. ನಾಲ್ಕು ಹೆಜ್ಜೆ ಆಚೆ ನಿಂತವರಿಗೆ ಬರೀ ಕತ್ತಲೆ. ಪ್ರಾಣಿ ಮುಖ ತಿರುಗಿಸಿತೋ, ಇಬ್ಬರಿಗೂ ಕತ್ತಲೆ. ‘ನಾನು ಕಣ್ಣಾರೆ ಕಂಡೆ, ಇವನಿಗೆ ಕಾಣಲೇ ಇಲ್ಲ, ನೋಡನೋಡುತ್ತ ಮಾಯ!’ ಕೊಳ್ಳಿದೆವ್ವದ ಕಥೆ ಹೇಳುವವರ ಮಾತು ಇದೇ ಅಲ್ಲವೆ? ಎಲ್ಲ ಕೊಳ್ಳಿದೆವ್ವವೂ ಕಾಡುಪಾಪವೇ ಅನ್ನುವಷ್ಟು ಧೈರ್ಯ ನನಗಿಲ್ಲ. ಸಿಟ್ಟು ಬರುವುದು ಬೇರೆಯದಕ್ಕೆ. ಸುಮಾರು ಇನ್ನೂರು ಗ್ರಾಂ ತೂಗುವ ಈ ಬಡಪಾಯಿಯನ್ನು ಮಾಟಕ್ಕೆಂದೂ ಕಣ್ಣಿನ ಮದ್ದಿಗೆಂದೂ ಹಿಡಿಯುವವರಿದ್ದಾರೆ. 1972ರ ವನ್ಯಜೀವಿ ಕಾಯ್ದೆ ಅದನ್ನು ಮೊದಲ ಅನುಸೂಚಿಯಲ್ಲೇ ಇಟ್ಟು ಕಾಪಾಡುತ್ತಿದ್ದರೂ ಅವರಿಗೆ ಲೆಕ್ಕಕ್ಕಿಲ್ಲ.

ಕಣ್ಣು ಸಿಕ್ಕ ಮೇಲೆ ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿದೆವು. ಇರುಳು ಸಂಚಾರಿಗಳ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ತಾಕುವುದಿಲ್ಲ. ಬಹಳ ಹೊತ್ತು ಅದು ಮಿಸುಕಲಿಲ್ಲ. ಆಮೇಲೆ ಹಿಂಗಾಲುಗಳಲ್ಲಿ ಕೊಂಬೆಯನ್ನು ಬಿಗಿಹಿಡಿದು, ಮೈಯನ್ನು ರಬ್ಬರಿನಂತೆ ಮುಂದಕ್ಕೆ ಚಾಚಿ, ಎರಡೂ ಕೈಯಲ್ಲಿ ಒಂದು ಮಿಡತೆಯನ್ನು ಗಬಕ್ಕನೆ ಬಾಚಿಕೊಂಡಿತು. ಕಣ್ಣು ಮುಚ್ಚಿ ಅಗಿಯತೊಡಗಿದಾಗ ಕೆಂಡಗಳೆರಡೂ ಆರಿದವು.