ರಾಮನಗರ ಕ್ಷೇತ್ರ: ಗೆದ್ದವರು ಹೊರಟಾಗಲೆಲ್ಲ ಮತ್ತೆ ಮತದಾನ

ರಾಮನಗರದ ಮತದಾರರ ವಿಳಾಸ ಈಗ ಹೀಗಿದೆ. ಜಿಲ್ಲೆ ಬೆಂಗಳೂರು ದಕ್ಷಿಣ. ಲೋಕಸಭಾ ಕ್ಷೇತ್ರ ಬೆಂಗಳೂರು ಗ್ರಾಮಾಂತರ. ವಿಧಾನಸಭಾ ಕ್ಷೇತ್ರ ಮಾತ್ರ ರಾಮನಗರ. ಸಾಲದ್ದಕ್ಕೆ ಬೆಂಗಳೂರು ದಕ್ಷಿಣ ಅನ್ನೋ ಹೆಸರಿನ ಲೋಕಸಭಾ ಕ್ಷೇತ್ರ ಬೇರೆ ಇದೆ, ಅದೇ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದೆ. ಅವೆರಡರಲ್ಲೂ ರಾಮನಗರ ಇಲ್ಲ!

ಇಷ್ಟು ಗೋಜಲು ಹೇಗಾಯ್ತು? 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾಗಿ ರಾಮನಗರ ಜಿಲ್ಲೆ ಹುಟ್ಟಿತು. ಮರುವರ್ಷ ಕ್ಷೇತ್ರ ಮರುವಿಂಗಡಣೆ, ಅಂದರೆ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯೋದು, ಜಾರಿಗೆ ಬಂತು. ಕನಕಪುರ ಲೋಕಸಭಾ ಕ್ಷೇತ್ರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು, ಪಕ್ಕದ ಸಾತನೂರು ವಿಧಾನಸಭಾ ಕ್ಷೇತ್ರ ನಕ್ಷೆಯಿಂದಲೇ ಮಾಯವಾಯಿತು. 2025ರ ಮೇನಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಿಸಿತು. ಆದರೆ ಕ್ಷೇತ್ರದ ಹೆಸರು, ಗಡಿ ಎಲ್ಲ ಮರುವಿಂಗಡಣೆ ಆಯೋಗದ ಆದೇಶಕ್ಕೆ ಸೇರಿದ್ದು, ಸಂಪುಟದ ಕೈಯಲ್ಲಿಲ್ಲ. ಹಾಗಾಗಿ ಅದು ರಾಮನಗರವಾಗಿಯೇ ಉಳಿಯಿತು.

ಹೆಸರಿನ ಗಲಾಟೆ ಇತ್ತೀಚಿನದು. ಪ್ರಾತಿನಿಧ್ಯದ ಕಥೆ ಹಳೆಯದು. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ ಇಲ್ಲಿಂದ ಆರಿಸಿ ಬಂದವರು. ಆಮೇಲಿನ ಮೂರು ದಶಕ ರಾಜ್ಯದ ಮಟ್ಟದಲ್ಲಿ ಅಷ್ಟೇನೂ ಸದ್ದು ಮಾಡದ ಕ್ಷೇತ್ರ ಇದು. ರೇಷ್ಮೆಗೂಡಿನ ಮಾರುಕಟ್ಟೆಯಿಂದಲೇ ಜಾಸ್ತಿ ಜನಕ್ಕೆ ಊರಿನ ಪರಿಚಯ.

1994ರಲ್ಲಿ ಎಲ್ಲ ಬದಲಾಯಿತು. ಹಾಸನ ಜಿಲ್ಲೆಯ ಎಚ್.ಡಿ. ದೇವೇಗೌಡರು ಇಲ್ಲಿ ನಿಂತು ಗೆದ್ದರು, ಮುಖ್ಯಮಂತ್ರಿಯಾದರು. 1996ರ ಜೂನ್ 1ಕ್ಕೆ ಪ್ರಧಾನಿಯೂ ಆದರು. ತಮ್ಮ ಶಾಸಕ ಪ್ರಧಾನಿ ಆಗೋದು ಎಷ್ಟು ಕ್ಷೇತ್ರಕ್ಕೆ ಸಿಗುತ್ತೆ ಹೇಳಿ? ಆದರೆ ಸೀಟು ಖಾಲಿಯಾಯಿತು, ಉಪಚುನಾವಣೆ ಬಂತು. ಜನತಾದಳ ನಟ ಅಂಬರೀಶ್ ಅವರನ್ನು ನಿಲ್ಲಿಸಿತು. ತೆರೆ ಮೇಲೆ ಅಷ್ಟು ದೊಡ್ಡ ಹೆಸರಿದ್ದರೂ ಅವರು ಸೋತು, ಸ್ಥಳೀಯ ಕಾಂಗ್ರೆಸ್ ನಾಯಕ ಸಿ.ಎಂ. ಲಿಂಗಪ್ಪ ಗೆದ್ದರು. ಇಲ್ಲಿನವರು ದೊಡ್ಡ ಹೆಸರು ಕಂಡರೆ ಕಣ್ಣುಮುಚ್ಚಿ ಮತ ಹಾಕ್ತಾರೆ ಅನ್ನುವವರು ಈ ಫಲಿತಾಂಶವನ್ನು ಯಾಕೋ ಸುಲಭವಾಗಿ ಮರೆತುಬಿಡುತ್ತಾರೆ.

2004ರಲ್ಲಿ ದೇವೇಗೌಡರ ಮಗ ಎಚ್.ಡಿ. ಕುಮಾರಸ್ವಾಮಿ ಬಂದರು. ಇಲ್ಲಿಂದ ಮುಂದೆ ಸ್ವಲ್ಪ ಗಮನ ಇಟ್ಟು ಓದಬೇಕು. 2006ರಲ್ಲಿ ಅವರು ಮುಖ್ಯಮಂತ್ರಿಯಾದರು, 2008ರಲ್ಲಿ ಮತ್ತೆ ಇಲ್ಲೇ ಗೆದ್ದರು. 2009ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಹೋದರು, ವಿಧಾನಸಭಾ ಸೀಟು ಬಿಟ್ಟರು, ಉಪಚುನಾವಣೆಯಲ್ಲಿ ಅವರ ಪಕ್ಷ ಜೆಡಿಎಸ್‌ನವರೇ ಆದ ಕೆ. ರಾಜು ಗೆದ್ದರು. 2013ರಲ್ಲಿ ಇದೇ ಉಲ್ಟಾ ಆಯಿತು. ರಾಮನಗರದಿಂದ ಗೆದ್ದು ವಿಧಾನಸಭೆಗೆ ವಾಪಸ್ ಬಂದರು, ಲೋಕಸಭಾ ಸೀಟು ಬಿಟ್ಟರು. ಆ ಉಪಚುನಾವಣೆಯಲ್ಲೂ ಇದೇ ಜನ ಸಾಲಿನಲ್ಲಿ ನಿಂತು ಮತ ಹಾಕಬೇಕಾಯಿತು, ಯಾಕಂದರೆ ರಾಮನಗರ ಆ ಲೋಕಸಭಾ ಕ್ಷೇತ್ರದೊಳಗೇ ಇದೆ. ಅದರಲ್ಲಿ ಕಾಂಗ್ರೆಸ್‌ನ ಡಿ.ಕೆ. ಸುರೇಶ್ ಗೆದ್ದರು.

2018ರಲ್ಲಿ ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡರಲ್ಲೂ ನಿಂತರು, ಎರಡರಲ್ಲೂ ಗೆದ್ದರು, ಚನ್ನಪಟ್ಟಣ ಉಳಿಸಿಕೊಂಡರು. ಮತ್ತೆ ಉಪಚುನಾವಣೆ. ಅದಂತೂ ವಿಚಿತ್ರವಾಗಿ ಮುಗಿಯಿತು. ಮೇ ತಿಂಗಳಲ್ಲಷ್ಟೇ ಜೆಡಿಎಸ್ ವಿರುದ್ಧ ಬೆವರು ಸುರಿಸಿದ್ದ ಕಾಂಗ್ರೆಸ್ ಕಾರ್ಯಕರ್ತರು ಮೈತ್ರಿ ಸರ್ಕಾರದ ಕಾರಣಕ್ಕೆ ನವೆಂಬರ್ ಹೊತ್ತಿಗೆ ಜೆಡಿಎಸ್‌ನಿಂದ ನಿಂತ ಕುಮಾರಸ್ವಾಮಿ ಪತ್ನಿ ಅನಿತಾ ಕುಮಾರಸ್ವಾಮಿ ಪರ ಕೆಲಸ ಮಾಡಬೇಕಾಯಿತು, ಅಷ್ಟರಲ್ಲಿ ಬಿಜೆಪಿ ಅಭ್ಯರ್ಥಿ ಮತದಾನಕ್ಕೆ ಎರಡು ದಿನ ಇರುವಾಗ ಕಣದಿಂದ ಹಿಂದೆ ಸರಿದು ಕಾಂಗ್ರೆಸ್‌ಗೆ ಮರಳಿದರು. ಅನಿತಾ 1 ಲಕ್ಷಕ್ಕೂ ಜಾಸ್ತಿ ಮತಗಳ ಅಂತರದಲ್ಲಿ ಗೆದ್ದರು. ಎದುರಾಳಿಯೇ ಇಲ್ಲದ ಕಡೆ ಮತದಾರನ ಆಯ್ಕೆ ಅನ್ನೋದಕ್ಕೆ ಏನರ್ಥ, ಅಲ್ವಾ?

ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಒಬ್ಬರು ಎರಡು ಕಡೆ ನಿಲ್ಲಬಹುದು. ಎರಡೂ ಗೆದ್ದರೆ ಒಂದನ್ನು ಬಿಡಬೇಕು, ಅಷ್ಟೇ. 1996ಕ್ಕಿಂತ ಮುಂಚೆ ಆ ಎರಡರ ಮಿತಿಯೂ ಇರಲಿಲ್ಲ. ಒಬ್ಬರಿಗೆ ಒಂದೇ ಕ್ಷೇತ್ರ ಸಾಕು ಅಂತ ಚುನಾವಣಾ ಆಯೋಗ 2004ರಲ್ಲೇ ಹೇಳಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಅಂದಿತು. ಸೀಟು ಬಿಟ್ಟುಕೊಟ್ಟ ಮೇಲೆ ಹೊಸ ಶಾಸಕರು ಬರುವ ತನಕ ಆ ಕ್ಷೇತ್ರದ ಜನ ಯಾರ ಹತ್ತಿರ ಹೋಗಬೇಕು ಅನ್ನೋದು ಮಾತ್ರ ಈ ಚರ್ಚೆಯಲ್ಲಿ ಅಷ್ಟಾಗಿ ಬರೋದಿಲ್ಲ.

2023ರಲ್ಲಿ ಅನಿತಾ ತಮ್ಮ ಮಗ ನಿಖಿಲ್‌ಗೆ ಕ್ಷೇತ್ರ ಬಿಟ್ಟುಕೊಟ್ಟರು. 2018ರಲ್ಲಿ ಸೋತಿದ್ದ ಕಾಂಗ್ರೆಸ್‌ನ ಇಕ್ಬಾಲ್ ಹುಸೇನ್ ಈ ಸಲ ಗೆದ್ದರು. ಅಂತರ ಹತ್ತು ಸಾವಿರ ಚಿಲ್ಲರೆ.

ಮುಂದಿನದು ಮರುವಿಂಗಡಣೆ. ಈಗಿನ ಗಡಿಗಳನ್ನು ಎಳೆದಿದ್ದು 2001ರ ಜನಗಣತಿ ಲೆಕ್ಕದಲ್ಲಿ. ವಿಧಾನಸಭೆಯ 224 ಸ್ಥಾನಗಳ ಲೆಕ್ಕ ಅದಕ್ಕೂ ಹಿಂದಿನದು. 2026ರ ನಂತರದ ಮೊದಲ ಜನಗಣತಿ ಅಂಕಿ ಬರುವ ತನಕ ಸ್ಥಾನಗಳ ಸಂಖ್ಯೆ ಬದಲಾಗಬಾರದು ಅಂತ ಸಂವಿಧಾನದ 84ನೇ ತಿದ್ದುಪಡಿ ಹೇಳಿತ್ತು. ಅಷ್ಟರೊಳಗೆ ಬೆಂಗಳೂರು ನಗರ ಮೈಸೂರು ರಸ್ತೆಯ ಉದ್ದಕ್ಕೂ ಬೆಳೆಯುತ್ತಲೇ ಬಂದಿದೆ. ಹೊಸ ಗೆರೆ ಎಳೆಯುವಾಗ ರಾಮನಗರದ ಹಳ್ಳಿಗಳು ಯಾವ ಕಡೆ ಬೀಳುತ್ತವೆ ಅನ್ನೋದರ ಮೇಲೆ ಎಲ್ಲ ಪಕ್ಷದವರೂ ಒಂದು ಕಣ್ಣಿಟ್ಟೇ ಇರುತ್ತಾರೆ.